ಜೀವಕೋಶ ಒಡೆದ ಮೇಲೂ ನಿಲ್ಲದ ಕೆಲಸ: ಎಡುವರ್ಡ್ ಬುಖ್ನರ್ ಅವರ ಬದುಕು

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಕಿಣ್ವಗಳ ವಿಷಯ ಬಂದಾಗ ಎಡುವರ್ಡ್ ಬುಖ್ನರ್ ಅವರ ಹೆಸರು ಹೆಚ್ಚೆಂದರೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. 1897ರಲ್ಲಿ ಯೀಸ್ಟ್ ಕೋಶಗಳಿಲ್ಲದೆಯೇ ಹುದುಗುವಿಕೆ ನಡೆಯುವುದನ್ನು ತೋರಿಸಿದರು, 1907ರಲ್ಲಿ ನೊಬೆಲ್ ಪಾರಿತೋಷಕ ಪಡೆದರು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಯ ಪಾಠಯೋಜನೆಯಲ್ಲೂ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಇಸವಿಯನ್ನೂ ಹೆಸರನ್ನೂ ಮಕ್ಕಳು ಬರೆದುಕೊಳ್ಳುತ್ತಾರೆ. ಆದರೆ ಜೀವಕೋಶವನ್ನು ಏಕೆ ಒಡೆಯಬೇಕಾಯಿತು, ಒಡೆದ ಮೇಲೆ ಜೀವ ಉಳಿದಿಲ್ಲವೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುವುದೇ ಇಲ್ಲ.

ಬುಖ್ನರ್ ಅವರ ಬದುಕಿನ ಮುಖ್ಯ ಭಾಗ ಈ ಎರಡನೆಯ ಪ್ರಶ್ನೆಯ ಸುತ್ತ ನಡೆಯಿತು. ಯೀಸ್ಟಿನಿಂದ ಹೊರಟ ಅವರ ವಿಧಾನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಯಕೃತ್ತು, ಬ್ಯಾಕ್ಟೀರಿಯಾಗಳನ್ನು ದಾಟಿ ಮಿದುಳಿನ ಅಂಗಾಂಶದವರೆಗೂ ಬಂದಿತು. ವಿಧಾನದ ಜೊತೆಗೆ ಆ ಪ್ರಶ್ನೆಯೂ ಬಂದಿತು.

ಬಾಲ್ಯ ಮತ್ತು ಓದು

ಎಡುವರ್ಡ್ ಬುಖ್ನರ್ 1860ರ ಮೇ 20ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಜನಿಸಿದರು. ತಂದೆ ವೈದ್ಯರು, ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕರು. 1872ರಲ್ಲಿ ತಂದೆ ತೀರಿಕೊಂಡಾಗ ಎಡುವರ್ಡ್‌ಗೆ ಹನ್ನೆರಡು ವರ್ಷ. ಹುಡುಗನನ್ನು ವ್ಯಾಪಾರಕ್ಕೆ ಹಾಕಬೇಕೆಂಬ ಯೋಚನೆ ಮನೆಯಲ್ಲಿತ್ತು. ಹತ್ತು ವರ್ಷ ದೊಡ್ಡವರಾದ ಅಣ್ಣ ಹಾನ್ಸ್ ಬುಖ್ನರ್ ತಮ್ಮನ ಓದಿಗೆ ಆಸರೆಯಾದರು. ಹಾನ್ಸ್ ಮುಂದೆ ಹೆಸರಾಂತ ಬ್ಯಾಕ್ಟೀರಿಯಾ ಶಾಸ್ತ್ರಜ್ಞರಾದರು. ತಮ್ಮನ ದೊಡ್ಡ ಪ್ರಯೋಗ ನಡೆದದ್ದೂ ಈ ಅಣ್ಣನ ಸಂಸ್ಥೆಯಲ್ಲೇ.

ಶಾಲೆ ಮುಗಿಸಿ, ಫಿರಂಗಿ ದಳದಲ್ಲಿ ಸೇವೆ ಸಲ್ಲಿಸಿ, ಎಡುವರ್ಡ್ ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದತೊಡಗಿದರು. ಹಣದ ತೊಂದರೆಯಿಂದ ಓದು ನಿಂತಿತು. ಹೊಟ್ಟೆಪಾಡಿಗಾಗಿ ಆಹಾರ ಪದಾರ್ಥಗಳನ್ನು ಕೆಡದಂತೆ ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಗಳಲ್ಲಿ ಕೆಲಸ ಮಾಡಿದರು. ಪದಾರ್ಥ ಏಕೆ ಹುಳಿಯುತ್ತದೆ, ಏಕೆ ಹುದುಗುತ್ತದೆ ಎಂಬ ಕುತೂಹಲ ಹಿಡಿದದ್ದು ಅಲ್ಲಿ.

1884ರಲ್ಲಿ ಅವರು ಮತ್ತೆ ವಿದ್ಯಾರ್ಥಿಯಾದರು. ರಸಾಯನಶಾಸ್ತ್ರದಲ್ಲಿ ಅಡಾಲ್ಫ್ ಫಾನ್ ಬೇಯರ್, ಸಸ್ಯಶಾಸ್ತ್ರದಲ್ಲಿ ಕಾರ್ಲ್ ಫಾನ್ ನೇಗೆಲಿ ಅವರ ಗುರುಗಳು. ಹುದುಗುವಿಕೆಯ ಮೇಲೆ ಆಮ್ಲಜನಕದ ಪ್ರಭಾವವೇನು ಎಂಬುದು ಅವರ ಮೊದಲ ಲೇಖನದ ವಿಷಯ. ಹುದುಗುವಿಕೆಗೆ ಆಮ್ಲಜನಕದ ಅಭಾವ ಅನಿವಾರ್ಯವಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಇದು ಆ ಕಾಲದ ಮಹಾವಿಜ್ಞಾನಿ ಲೂಯಿ ಪಾಶ್ಚರ್ ಅವರ ಅಭಿಪ್ರಾಯಕ್ಕೆ ವಿರುದ್ಧವಾಗಿತ್ತು. 1888ರಲ್ಲಿ ಡಾಕ್ಟರೇಟ್ ದೊರೆಯಿತು. ಬಳಿಕ ಬೇಯರ್ ಅವರ ಸಹಾಯಕರಾಗಿ, 1891ರಲ್ಲಿ ಉಪನ್ಯಾಸಕರಾಗಿ ಕೆಲಸ ಆರಂಭಿಸಿದರು.

ಆ ಕಾಲದ ಜಗಳ

ಬುಖ್ನರ್ ಏನನ್ನು ಬಿಡಿಸಿದರು ಎಂಬುದು ತಿಳಿಯಬೇಕಾದರೆ ಗಂಟು ಯಾವುದಿತ್ತು ಎಂಬುದನ್ನು ನೋಡಬೇಕು. ಸಕ್ಕರೆ ಮದ್ಯಸಾರವಾಗಿಯೂ ಕಾರ್ಬನ್ ಡೈಆಕ್ಸೈಡ್ ಆಗಿಯೂ ಒಡೆಯುವುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಒಡೆಯುವುದು ಯಾವುದು ಎಂಬುದರಲ್ಲಿ ಭಿನ್ನಮತವಿತ್ತು. ಕೊಳೆಯುತ್ತಿರುವ ವಸ್ತುವಿನ ರಾಸಾಯನಿಕ ಕ್ರಿಯೆಯೇ ಸಕ್ಕರೆಯನ್ನೂ ಒಡೆಯುತ್ತದೆ, ಯೀಸ್ಟಿನ ಜೀವಕ್ಕೆ ಅಲ್ಲಿ ಪಾತ್ರವಿಲ್ಲ ಎಂಬುದು ಯುಸ್ಟಸ್ ಲೀಬಿಗ್ ಅವರ ಪಕ್ಷ. ಹುದುಗುವಿಕೆ ಎಂದರೆ ಯೀಸ್ಟಿನ ಜೀವನವೇ, ಜೀವಂತ ಕೋಶವಿಲ್ಲದೆ ಅದು ನಡೆಯದು ಎಂಬುದು ಪಾಶ್ಚರ್ ಅವರ ಪಕ್ಷ. ಪಾಶ್ಚರ್ ಅವರ ಬಳಿ ಪ್ರಯೋಗಗಳ ಬಲವಿತ್ತು, ಅದರಿಂದ ಬಹುಮಂದಿ ಅವರ ಕಡೆಗಿದ್ದರು. ಯೀಸ್ಟನ್ನು ಅರೆದು ಕ್ರಿಯಾಶೀಲ ವಸ್ತುವನ್ನು ಹೊರತೆಗೆಯಲು ಪಾಶ್ಚರ್ ಸಹ ಯತ್ನಿಸಿ ವಿಫಲರಾಗಿದ್ದರು.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಒಂದು ಸಂಗತಿ ಗಮನಿಸಬೇಕು. ಕಿಣ್ವವನ್ನು ಮೊದಲು ಕಂಡುಹಿಡಿದವರು ಬುಖ್ನರ್ ಎಂದು ಕಪ್ಪು ಹಲಗೆಯ ಮೇಲೆ ಬರೆದರೆ ತಪ್ಪಾಗುತ್ತದೆ. ಪಿಷ್ಟವನ್ನು ಸಕ್ಕರೆಯಾಗಿಸುವ ಡಯಾಸ್ಟೇಸ್ 1833ರಲ್ಲೇ ದೊರೆತಿತ್ತು. ಯೀಸ್ಟಿನಿಂದ ಇನ್ವರ್ಟೇಸ್ ಕಿಣ್ವವನ್ನು ಬೆರ್ತಲೋ 1860ರಲ್ಲಿ ಬೇರ್ಪಡಿಸಿದ್ದರು. ಎನ್‌ಜೈಮ್ ಎಂಬ ಹೆಸರನ್ನು ಕ್ಯೂನೆ 1877ರಲ್ಲಿ ಕೊಟ್ಟಿದ್ದರು. ಆದರೆ ಇವೆಲ್ಲ ಸರಳ ಕ್ರಿಯೆಗಳು, ಹುದುಗುವಿಕೆಯಂಥ ಸಂಕೀರ್ಣ ಕೆಲಸಕ್ಕೆ ಮಾತ್ರ ಜೀವವೇ ಬೇಕು ಎಂಬ ಗೆರೆ ಎಳೆಯಲಾಗಿತ್ತು. ಬುಖ್ನರ್ ಅಳಿಸಿದ್ದು ಆ ಗೆರೆಯನ್ನು.

1893ರ ತಡೆ

ಬೇಯರ್ ಅವರು ಒದಗಿಸಿದ ಹಣದಿಂದ ಬುಖ್ನರ್ ಹುದುಗುವಿಕೆಯ ಅಧ್ಯಯನಕ್ಕೆ ಚಿಕ್ಕದೊಂದು ಪ್ರಯೋಗಾಲಯ ಕಟ್ಟಿಕೊಂಡರು. 1893ರಲ್ಲಿ ಯೀಸ್ಟ್ ಕೋಶಗಳನ್ನು ಒಡೆಯುವ ಮೊದಲ ಪ್ರಯೋಗಗಳು ನಡೆದವು. ಆದರೆ ಪ್ರಯೋಗಾಲಯದ ಮಂಡಳಿಗೆ ಇದು ಫಲವಿಲ್ಲದ ಕೆಲಸವಾಗಿ ಕಂಡಿತು. ಯೀಸ್ಟನ್ನು ಅರೆಯುವುದು ಹೊಸದಲ್ಲ, ಹಿಂದಿನವರೂ ಅರೆದು ನೋಡಿದ್ದಾರೆ, ಏನೂ ಸಿಕ್ಕಿಲ್ಲ ಎಂಬುದು ಅವರ ನಿಲುವು. ಕೆಲಸ ಮೂರು ವರ್ಷ ಮೂಲೆಗೆ ಬಿತ್ತು.

ಬುಖ್ನರ್ ಆ ವರ್ಷವೇ ಕೀಲ್ ವಿಶ್ವವಿದ್ಯಾಲಯಕ್ಕೆ ಹೋದರು. 1895ರಲ್ಲಿ ಅಲ್ಲಿ ಪ್ರಾಧ್ಯಾಪಕ ಪದವಿ ಬಂದಿತು. 1896ರಲ್ಲಿ ಟ್ಯೂಬಿಂಗೆನ್‌ಗೆ ಕರೆ ಬಂದಿತು. ಪಾಠ ಹೇಳುವುದು, ವಿಶ್ಲೇಷಣಾ ರಸಾಯನಶಾಸ್ತ್ರದ ತರಗತಿ ನಡೆಸುವುದು ಅವರ ದಿನದ ಕೆಲಸ. ಯೀಸ್ಟಿನ ಪ್ರಶ್ನೆ ರಜೆಯ ದಿನಗಳಿಗೆ ಕಾದಿತ್ತು.

1896ರ ಶರತ್ಕಾಲ

ಅಣ್ಣ ಹಾನ್ಸ್ ಮ್ಯೂನಿಕ್‌ನ ಆರೋಗ್ಯಶಾಸ್ತ್ರ ಸಂಸ್ಥೆಯಲ್ಲಿದ್ದರು. ಸೂಕ್ಷ್ಮಜೀವಿಗಳ ಒಳಗಿನ ಪ್ರೋಟೀನುಗಳನ್ನು ಕೆಡದಂತೆ ಹೊರತೆಗೆದು ಚಿಕಿತ್ಸೆಗೆ ಬಳಸಬಹುದೇ ಎಂದು ಅವರು ನೋಡುತ್ತಿದ್ದರು. ಶರತ್ಕಾಲದ ರಜೆಯಲ್ಲಿ ಎಡುವರ್ಡ್ ಅಲ್ಲಿಗೆ ಬಂದರು. ಹಾನ್ಸ್ ಅವರ ಸಹಾಯಕ ಮಾರ್ಟಿನ್ ಹಾನ್ ಒಂದು ಉಪಾಯ ಸೂಚಿಸಿದರು. ಯೀಸ್ಟಿಗೆ ಮರಳಿನ ಜೊತೆಗೆ ಕೀಸೆಲ್‌ಗೂರ್ ಸೇರಿಸಿ ಅರೆಯಬೇಕು. ಕೀಸೆಲ್‌ಗೂರ್ ಎಂದರೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪಿನಿಂದಾದ, ದ್ರವವನ್ನು ಹೀರಿಕೊಳ್ಳುವ ಹಗುರ ಮಣ್ಣು.

ವಿಧಾನ ಸರಳವಾಗಿತ್ತು. ತೊಳೆದು ನೀರು ತೆಗೆದ 1000 ಗ್ರಾಂ ಬಿಯರ್ ಯೀಸ್ಟಿಗೆ ಅಷ್ಟೇ ತೂಕದ ಸ್ಫಟಿಕ ಮರಳು, 250 ಗ್ರಾಂ ಕೀಸೆಲ್‌ಗೂರ್ ಸೇರಿಸಿ, ಮಿಶ್ರಣ ಒದ್ದೆಯಾಗಿ ಹಿಟ್ಟಿನ ಉಂಡೆಯಂತಾಗುವವರೆಗೆ ಅರೆದರು. 100 ಗ್ರಾಂ ನೀರು ಬೆರೆಸಿ, ಗಟ್ಟಿ ಬಟ್ಟೆಯಲ್ಲಿ ಸುತ್ತಿ, ಹೈಡ್ರಾಲಿಕ್ ಒತ್ತುಯಂತ್ರದಲ್ಲಿ ನಿಧಾನವಾಗಿ 400ರಿಂದ 500 ವಾಯುಭಾರದವರೆಗೆ ಒತ್ತಡ ಹಾಕಿದರು. ಉಳಿದ ಹಿಂಡಿಯನ್ನು ಮತ್ತೆ ಅರೆದು ಮತ್ತೆ ಹಿಂಡಿದರು. ಒಂದು ಕಿಲೋ ಯೀಸ್ಟಿನಿಂದ ಸುಮಾರು 500 ಘನ ಸೆಂಟಿಮೀಟರ್ ರಸ ದೊರೆಯಿತು. ಕಾಯಿಸಲಿಲ್ಲ, ತೀಕ್ಷ್ಣ ರಾಸಾಯನಿಕ ಹಾಕಲಿಲ್ಲ. ಕೋಶದೊಳಗಿನ ಸಾರ ಬಹುಮಟ್ಟಿಗೆ ಇದ್ದ ಹಾಗೆಯೇ ಹೊರಗೆ ಬಂತು.

ಈ ರಸ ಬೇಗ ಕೆಡುತ್ತಿತ್ತು. ಕೆಡದಂತಿಡಲು ಸಕ್ಕರೆ ಹಾಕಿ ನೋಡಿದರು. ಮುರಬ್ಬ ಮಾಡುವವರಿಗೆಲ್ಲ ಗೊತ್ತಿರುವ ಉಪಾಯವಿದು. ಗಟ್ಟಿ ಸಕ್ಕರೆಯಿದ್ದರೆ ಪದಾರ್ಥ ಉಳಿಯುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ರಸದಿಂದ ಗುಳ್ಳೆಗಳು ಏಳತೊಡಗಿದವು. ಹುದುಗುವಿಕೆಯನ್ನು ಎಳೆಯ ವಯಸ್ಸಿನಿಂದ ನೋಡುತ್ತಿದ್ದ ಎಡುವರ್ಡ್‌ಗೆ ಆ ಗುಳ್ಳೆಗಳ ಅರ್ಥ ಹೊಳೆಯಿತು. ಕೋಶವಿಲ್ಲ, ಆದರೂ ಹುದುಗುವಿಕೆ ನಡೆದಿದೆ.

ಇದನ್ನು ಆಕಸ್ಮಿಕ ಎಂದು ಮಕ್ಕಳಿಗೆ ಹೇಳುವ ರೂಢಿಯಿದೆ. ಸಕ್ಕರೆ ಹಾಕಿದ್ದು ಬೇರೆ ಉದ್ದೇಶಕ್ಕೆ ಎಂಬುದು ನಿಜ. ಆದರೆ ಡಬ್ಬಿ ಕಾರ್ಖಾನೆಯ ದಿನಗಳು, ಮೊದಲ ಲೇಖನ, ನಿಂತುಹೋದ 1893ರ ಪ್ರಯೋಗ ಇವೆಲ್ಲ ಹಿಂದೆ ಇದ್ದುದರಿಂದ ಅವರಿಗೆ ಅದು ಕೆಟ್ಟ ರಸವಾಗಿ ಕಾಣಲಿಲ್ಲ.

ಅನುಮಾನಗಳು ಮತ್ತು ಉತ್ತರಗಳು

1897ರ ಜನವರಿ 9ರಂದು ಬುಖ್ನರ್ ತಮ್ಮ ಲೇಖನವನ್ನು ಜರ್ಮನ್ ರಸಾಯನಶಾಸ್ತ್ರ ಸಂಘದ ಪತ್ರಿಕೆಗೆ ಕಳಿಸಿದರು. ಪಾಶ್ಚರ್ ತೀರಿಕೊಂಡು ಆಗ ಒಂದೂಕಾಲು ವರ್ಷವಾಗಿತ್ತು. ಎಲ್ಲರೂ ತಕ್ಷಣ ಒಪ್ಪಲಿಲ್ಲ. ರಸದಲ್ಲಿ ಕೆಲವು ಯೀಸ್ಟ್ ಕೋಶಗಳು ಒಡೆಯದೆ ಉಳಿದಿರಬಹುದು, ಅಥವಾ ಬ್ಯಾಕ್ಟೀರಿಯಾಗಳು ಸೇರಿರಬಹುದು, ಅಥವಾ ಜೀವವಿರುವ ಜೀವರಸದ ತುಣುಕುಗಳು ಕೆಲಸ ಮಾಡುತ್ತಿರಬಹುದು ಎಂದು ಆಕ್ಷೇಪಗಳು ಬಂದವು. ರಷ್ಯಾದ ಮರೀ ಮನಾಸೇಯಿನಾ ಅವರು 1870ರ ದಶಕದ ಆರಂಭದಲ್ಲಿ ತಾವೇ ಇದನ್ನು ತೋರಿಸಿದ್ದಾಗಿ ಹಕ್ಕು ಮಂಡಿಸಿದರು. ಅವರ ವಿಧಾನದಲ್ಲಿ ಜೀವಂತ ಕೋಶಗಳು ಉಳಿದಿರಲಿಲ್ಲವೆಂಬುದು ಖಚಿತವಾಗುವುದಿಲ್ಲ ಎಂದು ಬುಖ್ನರ್ ಅದನ್ನು ಒಪ್ಪಲಿಲ್ಲ. ಅಂದರೆ ಕೋಶ ಒಡೆದದ್ದು ಯಾರು ಎಂಬುದಕ್ಕಿಂತ, ಕೋಶ ಉಳಿದಿಲ್ಲವೆಂದು ತೋರಿಸಿದ್ದು ಯಾರು ಎಂಬುದರ ಮೇಲೆ ವಾದ ನಿಂತಿತ್ತು.

ಒಂದೊಂದು ಅನುಮಾನಕ್ಕೂ ಒಂದೊಂದು ಪರೀಕ್ಷೆ ನಡೆಯಿತು. ಸೂಕ್ಷ್ಮಜೀವಿಗಳನ್ನು ತಡೆಹಿಡಿಯುವ ಸೋಸುಗದಲ್ಲಿ ರಸವನ್ನು ಸೋಸಿದರು, ಹುದುಗುವಿಕೆ ನಿಲ್ಲಲಿಲ್ಲ. ಜೀವಂತ ಕೋಶಗಳನ್ನು ನಿಲ್ಲಿಸಬಲ್ಲ ಕ್ಲೋರೋಫಾರ್ಮ್ ಬೆರೆಸಿದರು, ಆಗಲೂ ನಿಲ್ಲಲಿಲ್ಲ. 40ರಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಪ್ರೋಟೀನು ಹೆಪ್ಪುಗಟ್ಟತೊಡಗಿತು. ಕ್ರಿಯಾಶೀಲ ವಸ್ತು ಪ್ರೋಟೀನಿನ ಜಾತಿಯದಿರಬಹುದೆಂಬ ಸುಳಿವು ಅಲ್ಲಿ ಸಿಕ್ಕಿತು. ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್, ಮಾಲ್ಟೋಸ್ ಹುದುಗಿದವು, ಹಾಲಿನ ಸಕ್ಕರೆ ಹುದುಗಲಿಲ್ಲ. ಜೀವಂತ ಬಿಯರ್ ಯೀಸ್ಟಿನ ನಡವಳಿಕೆಯೂ ಹೀಗೆಯೇ. ಮುಂದಿನ ವರ್ಷಗಳಲ್ಲಿ ಅಸಿಟೋನಿನಿಂದ ಕೊಂದು ಒಣಗಿಸಿದ ಯೀಸ್ಟಿನ ಪುಡಿಯೂ ಸಕ್ಕರೆಯನ್ನು ಹುದುಗಿಸುವುದನ್ನು ತೋರಿಸಿದರು. ಬೆಳೆಯಲಾರದ, ಮರಿ ಮಾಡಲಾರದ ಪುಡಿ ತನ್ನ ಕೆಲಸವನ್ನು ಮಾತ್ರ ಮಾಡುತ್ತಿತ್ತು. ಈ ಕ್ರಿಯಾಶೀಲ ವಸ್ತುವಿಗೆ ಬುಖ್ನರ್ ಜೈಮೇಸ್ ಎಂದು ಹೆಸರಿಟ್ಟರು.

ಅವರು ಜೈಮೇಸನ್ನು ಒಂದೇ ಕಿಣ್ವವೆಂದು ಭಾವಿಸಿದ್ದರು. ಅದು ಹಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಅದೇ ಬಗೆಯ ರಸವನ್ನಿಟ್ಟುಕೊಂಡು ಹುದುಗುವಿಕೆಗೆ ಫಾಸ್ಫೇಟ್ ಬೇಕು, ಶಾಖಕ್ಕೆ ಕೆಡದ ಸಣ್ಣ ಅಣುಗಳ ಸಹಾಯವೂ ಬೇಕು ಎಂದು ತೋರಿಸಿದರು. ಕೊನೆಗೆ ಜೈಮೇಸ್ ಎಂದರೆ ಸಾಲಾಗಿ ಕೆಲಸ ಮಾಡುವ ಹತ್ತಕ್ಕೂ ಹೆಚ್ಚು ಕಿಣ್ವಗಳೆಂದು ತಿಳಿಯಿತು. ಬುಖ್ನರ್ ಅವರ ಊಹೆಯನ್ನು ತಿದ್ದಲು ಬಳಕೆಯಾದದ್ದು ಅವರ ವಿಧಾನವೇ.

ಕೊನೆಯ ವರ್ಷಗಳು

1898ರಲ್ಲಿ ಅವರು ಬರ್ಲಿನ್ನಿನ ಕೃಷಿ ವಿದ್ಯಾಲಯದ ಪ್ರಾಧ್ಯಾಪಕರಾದರು. 1900ರಲ್ಲಿ ಲೋಟೆ ಸ್ಟಾಲ್ ಅವರನ್ನು ಮದುವೆಯಾದರು. 1902ರಲ್ಲಿ ಅಣ್ಣ ಹಾನ್ಸ್ ತೀರಿಕೊಂಡರು. ಅಣ್ಣತಮ್ಮಂದಿರು ಮತ್ತು ಮಾರ್ಟಿನ್ ಹಾನ್ ಮೂವರ ಹೆಸರಿನಲ್ಲಿ ಜೈಮೇಸ್ ಕುರಿತ ಪುಸ್ತಕ 1903ರಲ್ಲಿ ಹೊರಬಂತು. 1905ರಲ್ಲಿ ಗುರು ಬೇಯರ್ ಅವರಿಗೂ, ಎರಡು ವರ್ಷಗಳ ನಂತರ ಶಿಷ್ಯ ಬುಖ್ನರ್ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

1909ರಲ್ಲಿ ಬ್ರೆಸ್ಲೌ, 1911ರಲ್ಲಿ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಗಳಿಗೆ ಹೋದರು. ಮೊದಲ ಮಹಾಯುದ್ಧ ಆರಂಭವಾದಾಗ ಐವತ್ತು ದಾಟಿದ ಪ್ರಾಧ್ಯಾಪಕರು ತಾವಾಗಿ ಸೇನೆಗೆ ಸೇರಿದರು. ನಡುವೆ ಪಾಠ ಹೇಳಲು ಹಿಂದಿರುಗಿದರೂ 1917ರಲ್ಲಿ ಮತ್ತೆ ಯುದ್ಧರಂಗಕ್ಕೆ ಹೋದರು. ರುಮೇನಿಯಾದ ಫೋಕ್ಷಾನಿಯಲ್ಲಿ ಗಾಯಗೊಂಡು, ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ತೀರಿಕೊಂಡರು. ಅವರಿಗೆ ಐವತ್ತೇಳು ವರ್ಷ.

ಯೀಸ್ಟಿನಿಂದ ಮಿದುಳಿಗೆ

ಸಕ್ಕರೆಯನ್ನು ಒಡೆಯುವ ಕೆಲಸ ಕೋಶದ ಹೊರಗೆ ನಡೆಯುವುದಾದರೆ, ಪ್ರೋಟೀನನ್ನು ಕಟ್ಟುವ ಕೆಲಸವೂ ನಡೆದೀತೇ? ಒಡೆಯುವುದಕ್ಕಿಂತ ಕಟ್ಟುವುದು ಕಷ್ಟ. 1950ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಪಾಲ್ ಜಮೆಕ್ನಿಕ್ ಮತ್ತು ಸಂಗಡಿಗರು ಇಲಿಯ ಯಕೃತ್ತನ್ನು ಅರೆದು, ಆ ರಸದಲ್ಲಿ ಅಮೈನೋ ಆಮ್ಲಗಳು ಪ್ರೋಟೀನಿಗೆ ಸೇರುವುದನ್ನು ತೋರಿಸಿದರು. ಅದಕ್ಕೆ ಎಟಿಪಿ ಬೇಕು, ರೈಬೋಸೋಮ್ ಬೇಕು, ಅಮೈನೋ ಆಮ್ಲವನ್ನು ಹೊತ್ತು ತರುವ ಚಿಕ್ಕ ಆರ್‌ಎನ್‌ಎ ಬೇಕು ಎಂದು ತಿಳಿದದ್ದು ಹೀಗೆ. 1961ರಲ್ಲಿ ಮಾರ್ಷಲ್ ನೀರೆನ್‌ಬರ್ಗ್ ಮತ್ತು ಹೈನ್ರಿಕ್ ಮಟ್ಟಾಯ್ ಬ್ಯಾಕ್ಟೀರಿಯಾದ ರಸಕ್ಕೆ ಕೃತಕ ಆರ್‌ಎನ್‌ಎ ಸೇರಿಸಿ ತಳಿಸಂಕೇತದ ಮೊದಲ ಪದವನ್ನು ಓದಿದರು. ಉಳಿದ ಪದಗಳನ್ನು ಓದುವುದರಲ್ಲಿ ಹರಗೋವಿಂದ ಖೊರಾನಾ ಅವರ ಪಾಲು ದೊಡ್ಡದು.

ಮಿದುಳಿನ ಸರದಿ ಬಂದದ್ದು ಹೆಚ್ಚುಕಡಿಮೆ ಅದೇ ದಶಕದಲ್ಲಿ. 1963ರಲ್ಲಿ ಲೂಯಿಸ್ ಫ್ಲೆಕ್ಸ್ನರ್ ಮತ್ತು ಸಂಗಡಿಗರು ಪ್ರೋಟೀನ್ ತಯಾರಿಕೆಯನ್ನು ತಡೆಯುವ ಪ್ಯೂರೋಮೈಸಿನ್ ಔಷಧವನ್ನು ಇಲಿಮರಿಯಂಥ ಚಿಕ್ಕ ಇಲಿಗಳ ಮಿದುಳಿಗೆ ಚುಚ್ಚಿದಾಗ, ಅವು ಕಲಿತ ದಾರಿಯನ್ನು ಮರೆತಂತೆ ವರ್ತಿಸಿದವು. ಕಲಿಕೆಗೂ ಹೊಸ ಪ್ರೋಟೀನಿಗೂ ನಂಟಿದೆಯೇ ಎಂಬ ಪ್ರಶ್ನೆ ಎದ್ದಿತು. ಕಲಿಸುವುದೇ ವೃತ್ತಿಯಾಗಿರುವ ನಮಗೆ ಇದು ದೂರದ ಪ್ರಶ್ನೆಯಲ್ಲ. ಮಿದುಳು ಪ್ರೋಟೀನನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಜೀವಂತ ಪ್ರಾಣಿಯಲ್ಲಿ ಅಳೆಯುವುದು ಕಷ್ಟ. ರಕ್ತದಿಂದ ಮಿದುಳಿಗೆ ಎಲ್ಲ ವಸ್ತುವೂ ಸಲೀಸಾಗಿ ಹೋಗುವುದಿಲ್ಲ. ಆದ್ದರಿಂದ ಮತ್ತೆ ಬುಖ್ನರ್ ಅವರ ದಾರಿಯೇ ಬೇಕಾಯಿತು.

ಇಲಿಯ ಮಿದುಳಿನ ಹೊರಪದರವನ್ನು ಮಂಜಿನಷ್ಟು ತಣ್ಣಗಿಟ್ಟು ಸುಕ್ರೋಸ್ ದ್ರಾವಣದಲ್ಲಿ ಅರೆಯುತ್ತಾರೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಹಂತಹಂತವಾಗಿ ತಿರುಗಿಸಿ ಕೋಶಕೇಂದ್ರ, ಮೈಟೋಕಾಂಡ್ರಿಯ, ನರತಂತುಗಳ ಕೊಬ್ಬಿನ ಹೊದಿಕೆ ಇವನ್ನೆಲ್ಲ ಬೇರೆ ಮಾಡಿ ರೈಬೋಸೋಮ್‌ಗಳನ್ನು ಪಡೆಯುತ್ತಾರೆ. ಅದಕ್ಕೆ ಎಟಿಪಿ, ಜಿಟಿಪಿ, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣ, ಕೋಶರಸದ ಕರಗಿದ ಭಾಗ, ವಿಕಿರಣಶೀಲ ಕಾರ್ಬನ್ ಇರುವ ಅಮೈನೋ ಆಮ್ಲ ಸೇರಿಸಿ 37 ಡಿಗ್ರಿಯಲ್ಲಿಡುತ್ತಾರೆ. ಬಳಿಕ ಆಮ್ಲ ಹಾಕಿ ಪ್ರೋಟೀನನ್ನು ಒತ್ತರಿಸಿ, ಅದರಲ್ಲಿ ಎಷ್ಟು ವಿಕಿರಣಶೀಲತೆ ಸೇರಿದೆ ಎಂದು ಎಣಿಸುತ್ತಾರೆ. ಎಳೆಯ ಇಲಿಯ ಮಿದುಳಿನ ರೈಬೋಸೋಮ್‌ಗಳು ಬೆಳೆದ ಇಲಿಯವಕ್ಕಿಂತ ಚುರುಕಾಗಿ ಕೆಲಸ ಮಾಡುವುದು ಇಂಥ ಪ್ರಯೋಗಗಳಲ್ಲಿ ಕಂಡುಬಂತು.

ಹಳೆಯ ಅನುಮಾನ ಇಲ್ಲಿ ಹೊಸ ರೂಪದಲ್ಲಿ ಬಂತು. ಮಿದುಳನ್ನು ಅರೆದಾಗ ನರತುದಿಗಳು ಕಿತ್ತುಬಂದು, ಬಾಯಿ ಮುಚ್ಚಿಕೊಂಡು, ಪುಟ್ಟ ಚೀಲಗಳಾಗಿಬಿಡುತ್ತವೆ. ಮೈಟೋಕಾಂಡ್ರಿಯಗಳು ತಮ್ಮದೇ ರೈಬೋಸೋಮ್ ಇಟ್ಟುಕೊಂಡಿರುತ್ತವೆ. ಬ್ಯಾಕ್ಟೀರಿಯಾಗಳೂ ಸೇರಿರಬಹುದು. ಹಾಗಾದರೆ ಎಣಿಕೆಯಲ್ಲಿ ಕಂಡ ಪ್ರೋಟೀನು ತೆರೆದ ರಸದಲ್ಲಿ ಆದದ್ದೇ, ಅಥವಾ ಒಡೆಯದೆ ಉಳಿದ ಚೀಲದೊಳಗೆ ಆದದ್ದೇ? ಉತ್ತರದ ದಾರಿಯೂ ಹಳೆಯದೇ, ಅನುಮಾನಕ್ಕೊಂದು ಪರೀಕ್ಷೆ. ಆರ್‌ಎನ್‌ಎಯನ್ನು ಕತ್ತರಿಸುವ ರೈಬೋನ್ಯೂಕ್ಲಿಯೇಸ್ ಕಿಣ್ವ ಮುಚ್ಚಿದ ಚೀಲದೊಳಗೆ ಹೋಗಲಾರದು. ಅದನ್ನು ಹಾಕಿದಾಗ ಕೆಲಸ ನಿಂತರೆ ಕೆಲಸ ತೆರೆದ ರಸದ್ದು. ಕ್ಲೋರಾಂಫೆನಿಕಾಲ್ ಮೈಟೋಕಾಂಡ್ರಿಯ ಮತ್ತು ಬ್ಯಾಕ್ಟೀರಿಯಾಗಳ ರೈಬೋಸೋಮ್‌ಗಳನ್ನು ತಡೆಯುತ್ತದೆ, ಸೈಕ್ಲೋಹೆಕ್ಸಿಮೈಡ್ ಕೋಶದ್ರವ್ಯದ ರೈಬೋಸೋಮ್‌ಗಳನ್ನು ತಡೆಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ಹಾಕಿ ನೋಡಿದರೆ ಯಾರ ಪಾಲು ಎಷ್ಟು ಎಂಬುದು ತಿಳಿಯುತ್ತದೆ.

ತರಗತಿಗೆ

ಯೀಸ್ಟ್ ಪಾಠಕ್ಕೆ ನಾವು ಮೂರು ಪ್ರನಾಳಗಳನ್ನು ಇಡುವುದುಂಟು. ಒಂದರಲ್ಲಿ ಯೀಸ್ಟ್ ಮತ್ತು ಸಕ್ಕರೆ ನೀರು, ಇನ್ನೊಂದರಲ್ಲಿ ಕುದಿಸಿದ ಯೀಸ್ಟ್ ಮತ್ತು ಸಕ್ಕರೆ ನೀರು, ಮೂರನೆಯದರಲ್ಲಿ ಬರೀ ಸಕ್ಕರೆ ನೀರು. ಮೊದಲನೆಯದರ ಅನಿಲ ಮಾತ್ರ ಸುಣ್ಣದ ತಿಳಿನೀರನ್ನು ಹಾಲಿನಂತಾಗಿಸುತ್ತದೆ. ಪ್ರಯೋಗ ಚೆನ್ನಾಗಿದೆ. ಆದರೆ ಇದರಿಂದ ಬುಖ್ನರ್ ಅವರ ತೀರ್ಮಾನ ಹೊರಡುವುದಿಲ್ಲ. ಕುದಿಸಿದಾಗ ಕೋಶವೂ ಸಾಯುತ್ತದೆ, ಕಿಣ್ವವೂ ಕೆಡುತ್ತದೆ. ಪಾಶ್ಚರ್ ಅವರೂ ಬುಖ್ನರ್ ಅವರೂ ಈ ಫಲಿತಾಂಶವನ್ನು ಒಪ್ಪುತ್ತಿದ್ದರು. ಇಬ್ಬರ ನಡುವೆ ತೀರ್ಪು ಕೊಡುವ ಪ್ರನಾಳ ಇಲ್ಲಿ ಇಲ್ಲವೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಇಡ್ಲಿ ಹಿಟ್ಟನ್ನು ಪೀಠಿಕೆಗೆ ಬಳಸುವವರು, ಅದು ಉಬ್ಬುವುದರಲ್ಲಿ ಬ್ಯಾಕ್ಟೀರಿಯಾಗಳ ಪಾತ್ರವೇ ದೊಡ್ಡದು ಎಂಬುದನ್ನು ಮರೆಯಬಾರದು. ಯೀಸ್ಟಿಗೆ ಬ್ರೆಡ್ಡಿನ ಹಿಟ್ಟು ಸರಿಯಾದ ಉದಾಹರಣೆ.

ಕೋಶ ಒಡೆದ ಮೇಲೂ ಕೆಲಸ ನಡೆಯುವುದನ್ನು ತೋರಿಸಲು ಆಲೂಗಡ್ಡೆ ಸಾಕು. ಹಸಿ ಆಲೂಗಡ್ಡೆ ತುರಿದು, ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಆ ರಸಕ್ಕೆ ದುರ್ಬಲ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುತ್ತದೆ. ಕುದಿಸಿ ಆರಿಸಿದ ರಸದಲ್ಲಿ ಬರುವುದಿಲ್ಲ. ಇದು ಒಂದೇ ಹಂತದ ಕ್ರಿಯೆ, ಹುದುಗುವಿಕೆ ಹಲವು ಹಂತಗಳದು ಎಂಬ ವ್ಯತ್ಯಾಸವನ್ನೂ ಹೇಳಬೇಕು. ಆಮೇಲೆ ಬಟ್ಟೆಯಲ್ಲಿ ಹಿಂಡಿದ ರಸದಲ್ಲಿ ಒಡೆಯದ ಕೋಶಗಳು ಉಳಿದಿಲ್ಲವೆಂದು ಹೇಗೆ ಹೇಳುತ್ತೀರಿ ಎಂದು ಕೇಳಬೇಕು. ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಒಂದು ಹನಿ ಇಟ್ಟು ನೋಡಬಹುದು. ಕಪ್ಪು ಹಲಗೆಯಲ್ಲಿ ಅನುಮಾನ, ಪರೀಕ್ಷೆ, ಫಲಿತಾಂಶ ಎಂದು ಮೂರು ಅಂಕಣ ಎಳೆದು, ಮೊದಲ ಅಂಕಣವನ್ನು ಮಕ್ಕಳ ಮಾತಿನಿಂದಲೇ ತುಂಬಿಸಬೇಕು. ಬುಖ್ನರ್ ಅವರ ಪರೀಕ್ಷೆಗಳನ್ನು ಆ ನಂತರವೇ ಹೇಳಬೇಕು.

ಪಾಠ ವೀಕ್ಷಿಸುವ ಅಧ್ಯಾಪಕರು ಅವಲೋಕನ ಹಾಳೆಯಲ್ಲಿ ಒಂದು ಎಣಿಕೆಯನ್ನು ಸೇರಿಸಿಕೊಳ್ಳಬಹುದು. ಇಡೀ ಅವಧಿಯಲ್ಲಿ ಮಕ್ಕಳ ಕಡೆಯಿಂದ ಎಷ್ಟು ಅನುಮಾನಗಳು ಬಂದವು, ಅವುಗಳಲ್ಲಿ ಎಷ್ಟಕ್ಕೆ ಪರೀಕ್ಷೆಯನ್ನೂ ಮಕ್ಕಳೇ ಸೂಚಿಸಿದರು ಎಂಬುದು ಆ ಎಣಿಕೆ. 1897 ಎಂಬ ಇಸವಿ ಎಷ್ಟು ಮಕ್ಕಳಿಗೆ ನೆನಪಿದೆ ಎಂಬುದನ್ನು ಮರುದಿನ ಕೇಳಿದರೂ ಸಾಕು.